ಆಸ್ಪತ್ರೆಯ ಮಿಸ್ಡ್ ಕಾಲ್‌ಗೆ ವಾಪಸ್ ಮಾಡಿದರೆ ಕರೆದವರು ಯಾರೆಂದೇ ಗೊತ್ತಾಗಲ್ಲ, ಯಾಕೆ?

ಆಸ್ಪತ್ರೆಯೊಳಗೆ ನೂರಾರು ಫೋನ್ ಇದ್ದರೂ ಹೊರಗೆ ಹೋಗುವ ಲೈನ್‌ಗಳು ಕೆಲವೇ. ಎಲ್ಲ ಕರೆಗಳೂ ಇಪಿಎಬಿಎಕ್ಸ್ (ಒಳಗಿನ ಫೋನ್‌ಗಳನ್ನು ಹೊರಗಿನ ಲೈನ್‌ಗಳಿಗೆ ಜೋಡಿಸುವ ಯಂತ್ರ) ಮೂಲಕ ಹೋಗುತ್ತವೆ. ಅದು ಸಾಮಾನ್ಯವಾಗಿ ರಿಸೆಪ್ಶನ್ ನಂಬರನ್ನೇ ತೋರಿಸುತ್ತದೆ. ಕರೆದದ್ದು ಐಸಿಯು ನರ್ಸ್, ನೀವು ವಾಪಸ್ ಮಾಡಿದಾಗ ಎತ್ತುವುದು ಆಪರೇಟರ್. "ಯಾವ ವಾರ್ಡು, ಪೇಷೆಂಟ್ ಹೆಸರೇನು?" ಅಂತ ಅವರೇ ನಿಮ್ಮನ್ನು ಕೇಳುತ್ತಾರೆ! ಕೆಲವು ಆಸ್ಪತ್ರೆಗಳು ಗೋಪ್ಯತೆಗಾಗಿ ನಂಬರನ್ನೇ ಮರೆಮಾಡುತ್ತವೆ. ಅದು ಇನ್ನೂ ಕಷ್ಟ. ಅಪರಿಚಿತ ಕರೆಗಳನ್ನು ಬ್ಲಾಕ್ ಮಾಡಿದ್ದರೆ ಫೋನ್ ರಿಂಗೇ ಆಗಲ್ಲ ಅಲ್ವಾ.

ತುರ್ತು ಸೇವೆಯವರಿಗೆ ಇದೇ ತೊಂದರೆ ಉಲ್ಟಾ. ದೊಡ್ಡ ಕಚೇರಿಯ 5ನೇ ಮಹಡಿಯಿಂದ ಕರೆದರೂ ಅವರಿಗೆ ಮುಖ್ಯ ನಂಬರಷ್ಟೇ ಕಾಣಬಹುದು. ಲೈನ್ ಕಟ್ಟಾದರೆ ಅವರು ವಾಪಸ್ ಮಾಡುವ ಕರೆ ಕೆಳಗಿನ ರಿಸೆಪ್ಶನ್‌ಗೆ ಹೋಗುತ್ತದೆ. ಸಿಮ್ ಇಲ್ಲದ ಮೊಬೈಲ್‌ಗಂತೂ ವಾಪಸ್ ಕರೆಯಲು ನಂಬರೇ ಇರಲ್ಲ. ಹಾಗಾಗಿ ತುರ್ತು ಸೇವೆಗೆ ಕರೆದಾಗ ಅವರು ಫೋನ್ ಎತ್ತಿದ ತಕ್ಷಣ ಮೊದಲು ಜಾಗ ಹೇಳಿ, ಆಮೇಲೆ ಉಳಿದದ್ದು.