ಡಿಸ್ಚಾರ್ಜ್ ಚೀಟಿಯ ಅಂಕಿಗಳು: ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಪ್ರಶ್ನೆ: ನ್ಯುಮೋನಿಯಾ ಆಗಿದ್ದ ನಮ್ಮ ತಂದೆಯವರನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದೇವೆ. ಅವರಿಗೆ 74 ವರ್ಷ. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ವೈಟಲ್ಸ್ ಸ್ಟೇಬಲ್, ಅಫೆಬ್ರೈಲ್, ಪಿಆರ್ 88, ಆರ್‌ಆರ್ 18, ಬಿಪಿ 130/80, ಎಸ್‌ಪಿಓ2 97% ಆನ್ ಆರ್‌ಎ, ಜಿಸಿಎಸ್ 15/15’ ಎಂದು ಬರೆದಿದ್ದಾರೆ. ಇದರ ಅರ್ಥವೇನು? ಮನೆಯಲ್ಲಿ ನಾವು ಯಾವುದನ್ನು ಗಮನಿಸುತ್ತಿರಬೇಕು?
– ಓದುಗರು, ಹಾಸನ

ಉತ್ತರ: ದೇಹದ ಉಷ್ಣತೆ, ನಾಡಿ ಬಡಿತ, ಉಸಿರಾಟದ ವೇಗ ಮತ್ತು ರಕ್ತದೊತ್ತಡ ಈ ನಾಲ್ಕನ್ನು ವೈದ್ಯರು ವೈಟಲ್ ಸೈನ್ಸ್ (ಜೀವಲಕ್ಷಣಗಳು) ಎನ್ನುತ್ತಾರೆ, ರಕ್ತದಲ್ಲಿನ ಆಮ್ಲಜನಕದ ಮಟ್ಟವೂ (ಎಸ್‌ಪಿಓ2) ಈಗ ಇವುಗಳ ಸಾಲಿಗೆ ಸೇರಿದೆ. ನಿಮ್ಮ ತಂದೆಯವರಿಗೆ ಬಿಡುಗಡೆಯ ಹೊತ್ತಿನಲ್ಲಿ ಜ್ವರವಿರಲಿಲ್ಲ ಎಂಬುದನ್ನು ‘ಅಫೆಬ್ರೈಲ್’ ಹೇಳುತ್ತದೆ. ಪಿಆರ್ ಎಂದರೆ ನಿಮಿಷಕ್ಕೆ ನಾಡಿ ಎಷ್ಟು ಸಲ ಮಿಡಿಯುತ್ತದೆ ಎಂಬ ಲೆಕ್ಕ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಅದು 60ರಿಂದ 100ರ ನಡುವೆ ಇರುತ್ತದೆ. 100 ಮೀರಿದರೆ ಟ್ಯಾಕಿಕಾರ್ಡಿಯಾ ಎಂದೂ 60ಕ್ಕಿಂತ ಇಳಿದರೆ ಬ್ರಾಡಿಕಾರ್ಡಿಯಾ ಎಂದೂ ಬರೆಯುತ್ತಾರೆ. ಈ ಹೆಸರುಗಳನ್ನು ಕಂಡ ಕೂಡಲೇ ಗಾಬರಿಯಾಗಬೇಕಿಲ್ಲ. ನಿತ್ಯ ಓಡಿ ಅಭ್ಯಾಸವಿರುವವರ ನಾಡಿ 50ರ ಆಸುಪಾಸಿನಲ್ಲಿರುವುದುಂಟು, ಬಿಪಿಗೆಂದು ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ನಾಡಿಯೂ ನಿಧಾನವಾಗಿಯೇ ಇರುತ್ತದೆ. ಅಂಥವರಿಗೆ ಸೋಂಕು ತಗುಲಿದಾಗ ನಾಡಿ ಏರಬೇಕಾದಷ್ಟು ಏರುವುದಿಲ್ಲ ಎಂಬುದನ್ನು ಮಾತ್ರ ನೆನಪಿನಲ್ಲಿಡಬೇಕು.

‘ಆನ್ ಆರ್‌ಎ’ ಎಂಬ ಪುಟ್ಟ ಬಾಲವನ್ನು ಬಹಳ ಮಂದಿ ಓದದೆ ಬಿಡುತ್ತಾರೆ. ಆರ್‌ಎ ಎಂದರೆ ರೂಮ್ ಏರ್, ಅಂದರೆ ಮಾಸ್ಕ್ ಅಥವಾ ಕೊಳವೆಯ ಮೂಲಕ ಆಮ್ಲಜನಕ ಕೊಡದೆ ಬರಿಯ ಗಾಳಿಯಲ್ಲಿ ಉಸಿರಾಡುತ್ತಿರುವಾಗ ಸಿಕ್ಕ ಅಂಕಿ. ಆಮ್ಲಜನಕ ಕೊಡುತ್ತಲೇ 97 ಸಿಕ್ಕಿದ್ದರೆ ಅದು ಬೇರೆಯೇ ಸ್ಥಿತಿ. ಜಿಸಿಎಸ್ ಎಂಬುದು ರೋಗಿಯ ಎಚ್ಚರದ ಮಟ್ಟವನ್ನು ಅಳೆಯಲು 1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ ಮಾಪನ. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6 ಅಂಕಗಳಿದ್ದು, ಒಟ್ಟು 15 ಬಂದರೆ ಪೂರ್ಣ ಎಚ್ಚರ. ಅತಿ ಕಡಿಮೆ ಅಂಕ ಸೊನ್ನೆಯಲ್ಲ, 3.

ಇನ್ನು ಮನೆಯಲ್ಲಿ ನೋಡಬೇಕಾದುದು. ನನ್ನನ್ನು ಕೇಳಿದರೆ ಯಾವ ಯಂತ್ರವನ್ನೂ ಬೇಡದ ಆರ್‌ಆರ್, ಅಂದರೆ ಉಸಿರಾಟದ ವೇಗವೇ ಮೊದಲನೆಯದು. ಆಸ್ಪತ್ರೆಗಳಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದೂ ಇದೇ. ಎಣಿಸದೆಯೇ ಎಲ್ಲ ರೋಗಿಗಳಿಗೂ ಒಂದೇ ಅಂಕಿ ಬರೆದಿರುವ ಚಾರ್ಟುಗಳು ಅಪರೂಪವೇನಲ್ಲ. ವಯಸ್ಕರಲ್ಲಿ ನಿಮಿಷಕ್ಕೆ 12ರಿಂದ 20 ಉಸಿರು ಸಹಜ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ಪ್ರಕಟಿಸಿ 2017ರಲ್ಲಿ ಪರಿಷ್ಕರಿಸಿದ ಮುನ್ನೆಚ್ಚರಿಕೆಯ ಅಂಕಪಟ್ಟಿಯಲ್ಲಿ (ಇಲ್ಲಿ ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು), ಉಸಿರಾಟ 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದೊಂದಕ್ಕೇ ಗರಿಷ್ಠವಾದ 3 ಅಂಕಗಳನ್ನು ಕೊಡಲಾಗುತ್ತದೆ. ತಂದೆಯವರು ಕುಳಿತಿರುವಾಗ, ಎಣಿಸುತ್ತಿದ್ದೇವೆಂದು ತಿಳಿಸದೆ, ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿ ದಿನಾಂಕದೊಂದಿಗೆ ಬರೆದಿಡಿ. ನಿನ್ನೆ 18 ಇದ್ದದ್ದು ಇಂದು 22 ಆಗಿ ಸಂಜೆಗೆ 26 ಆದರೆ, ಜ್ವರವಿಲ್ಲದಿದ್ದರೂ ಆಸ್ಪತ್ರೆಗೆ ಹೊರಡಿ. ಈ ವಯಸ್ಸಿನಲ್ಲಿ ಸೋಂಕು ಜ್ವರವಿಲ್ಲದೆಯೂ ಬರುತ್ತದೆ. ಹಠಾತ್ತಾಗಿ ತೊಡಗುವ ಮಂಕುತನ ಅಥವಾ ತಡಬಡಿಸುವ ಮಾತು ಕೆಲವೊಮ್ಮೆ ಅದರ ಮೊದಲ ಸೂಚನೆಯಾಗಿರುತ್ತದೆ.

ಪ್ರಶ್ನೆ: ಕ್ಲಿನಿಕ್ಕಿನಲ್ಲಿ ನನ್ನ ಬಿಪಿ 150/94, ಮನೆಯ ಯಂತ್ರದಲ್ಲಿ 128/78. ಯಾವುದನ್ನು ನಂಬಲಿ?
– ಓದುಗರು, ಧಾರವಾಡ

ಉತ್ತರ: ಎರಡೂ ನಿಜವಿರಬಹುದು. ವೈದ್ಯರ ಎದುರು ಮಾತ್ರ ಏರುವ ರಕ್ತದೊತ್ತಡಕ್ಕೆ ವೈಟ್ ಕೋಟ್ ಹೈಪರ್‌ಟೆನ್ಷನ್ ಎನ್ನುತ್ತೇವೆ. ಆದರೆ ತೀರ್ಮಾನಕ್ಕೆ ಬರುವ ಮೊದಲು ಅಳತೆಯ ಕ್ರಮ ಸರಿಯಿರಬೇಕು: ಅರ್ಧ ಗಂಟೆಯಿಂದ ಕಾಫಿ, ಬೀಡಿ, ಸಿಗರೇಟು ಮುಟ್ಟಿರಬಾರದು, ಮೂತ್ರ ವಿಸರ್ಜಿಸಿ ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಪಾದಗಳನ್ನು ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕುಳಿತ ಮೇಲೆ, ತೋಳನ್ನು ಹೃದಯದ ಮಟ್ಟದಲ್ಲಿಟ್ಟು, ಮಾತನಾಡದೆ ಅಳೆಯಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಅಂಕಿ ಸುಳ್ಳಾಗಿ ಏರುತ್ತದೆ. ಹೀಗೆ ಒಂದು ವಾರ ಬೆಳಿಗ್ಗೆ, ಸಂಜೆ ಎರಡೆರಡು ಬಾರಿ ಅಳೆದ ಸರಾಸರಿಯನ್ನು ವೈದ್ಯರಿಗೆ ತೋರಿಸಿ. ಕ್ಲಿನಿಕ್ಕಿನಲ್ಲಿ 140/90 ಗಡಿಯಾದರೆ ಮನೆಯ ಅಳತೆಗೆ 135/85 ಗಡಿ.

ಒಂದು ಮಾತು ಸೇರಿಸಬೇಕು. ಸ್ಟೆತಾಸ್ಕೋಪ್ ಹಿಡಿದ ವೈದ್ಯರು ರಷ್ಯಾದ ಕೊರೊಟ್ಕೊಫ್ 1905ರಲ್ಲಿ ವಿವರಿಸಿದ ರಕ್ತನಾಳದ ಶಬ್ದಗಳನ್ನು ಕೇಳಿ ಬಿಪಿ ಗುರುತಿಸುತ್ತಾರೆ. ಮನೆಯ ಯಂತ್ರವು ಶಬ್ದ ಕೇಳುವುದಿಲ್ಲ, ಪಟ್ಟಿಯೊಳಗಿನ ಒತ್ತಡದ ಕಂಪನಗಳಿಂದ ಲೆಕ್ಕ ಹಾಕುತ್ತದೆ. ಆದ್ದರಿಂದ ನಾಡಿ ಅಡ್ಡಾದಿಡ್ಡಿಯಾಗಿ ಮಿಡಿಯುವ ಏಟ್ರಿಯಲ್ ಫಿಬ್ರಿಲೇಷನ್ ಇರುವವರಲ್ಲಿ ಅದರ ಒಂದೇ ಅಳತೆಯನ್ನು ನಂಬಬಾರದು.

ಪ್ರಶ್ನೆ: ಮಗಳಿಗೆ ಡೆಂಗಿ. ಜ್ವರ ಇಳಿದಿದ್ದರೂ ಮನೆಗೆ ಕಳುಹಿಸದೆ ಪದೇ ಪದೇ ಬಿಪಿ ನೋಡುತ್ತಿದ್ದಾರೆ. ಇದು ಅಗತ್ಯವೇ?
– ಓದುಗರು, ಮಂಗಳೂರು

ಉತ್ತರ: ಖಂಡಿತ ಅಗತ್ಯ. ಡೆಂಗಿಯ ಅಪಾಯದ ಘಟ್ಟ ಶುರುವಾಗುವುದು ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿಗೆ, ಮೂರನೆಯ ಮತ್ತು ಏಳನೆಯ ದಿನಗಳ ನಡುವೆ. ಆಗ ಕೆಲವರಲ್ಲಿ ರಕ್ತದ ದ್ರವಾಂಶ ಸೂಕ್ಷ್ಮ ರಕ್ತನಾಳಗಳಿಂದ ಹೊರಗೆ ಸೋರುತ್ತದೆ. ದೇಹ ಇದನ್ನು ಸರಿದೂಗಿಸಲು ರಕ್ತನಾಳಗಳನ್ನು ಬಿಗಿಗೊಳಿಸುವುದರಿಂದ ಬಿಪಿಯ ಮೇಲಿನ ಅಂಕಿ ಹೆಚ್ಚು ಇಳಿಯದೆ ನಿಂತು, ಕೆಳಗಿನ ಅಂಕಿ ಏರುತ್ತದೆ. 110/70 ಇದ್ದದ್ದು 100/82 ಆಯಿತೆನ್ನಿ. ಮನೆಯವರ ಕಣ್ಣಿಗೆ ಎರಡೂ ನಾರ್ಮಲ್. ಆದರೆ ಎರಡು ಅಂಕಿಗಳ ಅಂತರ, ಅಂದರೆ ಪಲ್ಸ್ ಪ್ರೆಷರ್, 40ರಿಂದ 18ಕ್ಕೆ ಕುಸಿದಿದೆ. ಅದು 20 ಅಥವಾ ಅದಕ್ಕಿಂತ ಕಡಿಮೆಯಾಗಿ, ನಾಡಿ ವೇಗವಾಗಿಯೂ ಕ್ಷೀಣವಾಗಿಯೂ ಮಿಡಿದು, ಕೈಕಾಲು ತಣ್ಣಗಾಗಿದ್ದರೆ ಅಂಗಾಂಗಗಳಿಗೆ ರಕ್ತ ಸಾಲದಾಗುವ ಆಘಾತ ಸ್ಥಿತಿ (ಶಾಕ್) ಆರಂಭವಾಗಿದೆ ಎಂದೇ ವೈದ್ಯರು ತಿಳಿಯುತ್ತಾರೆ. ಬಿಪಿ ಪೂರ್ತಿ ಬೀಳುವವರೆಗೆ ಕಾಯುವುದೆಂದರೆ ತಡವಾಯಿತೆಂದೇ ಅರ್ಥ.

ಪ್ಲೇಟ್‌ಲೆಟ್ ಎಷ್ಟಾಯಿತು ಎಂದು ಗಂಟೆಗೊಮ್ಮೆ ಕೇಳುವ ಬಂಧುಗಳು ಎಲ್ಲ ವಾರ್ಡುಗಳಲ್ಲೂ ಇದ್ದಾರೆ. ಮೂತ್ರ ಎಷ್ಟು ಹೋಯಿತು, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಏರಿದೆಯೇ ಎಂದು ಕೇಳುವವರನ್ನು ನಾನು ಕಂಡದ್ದು ಕಡಿಮೆ. ಸೋರಿಕೆಯ ಸುಳಿವು ಸಿಗುವುದು ಅವುಗಳಲ್ಲಿ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಚಡಪಡಿಕೆ ಅಥವಾ ಅತಿಯಾದ ನಿತ್ರಾಣ ಕಂಡರೆ ತಕ್ಷಣ ನರ್ಸ್‌ಗೆ ತಿಳಿಸಿ. ಈ ಘಟ್ಟ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಮುಗಿಯುತ್ತದೆ.

ಪ್ರಶ್ನೆ: ಕೆಮ್ಮಿದ್ದ ಎಂಟು ತಿಂಗಳ ಮಗುವಿನ ಉಸಿರನ್ನು ಎಣಿಸಿದ ಆಶಾ ಕಾರ್ಯಕರ್ತೆ, 54 ಇದೆ, ಕೂಡಲೇ ಆಸ್ಪತ್ರೆಗೆ ಹೋಗಿ ಎಂದರು. ಮಕ್ಕಳ ಉಸಿರು ವೇಗವಾಗಿಯೇ ಇರುತ್ತದಲ್ಲವೇ?
– ಓದುಗರು, ರಾಯಚೂರು

ಉತ್ತರ: ಇರುತ್ತದೆ, ಆದರೆ ಅದಕ್ಕೂ ಮಿತಿಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಎರಡು ತಿಂಗಳೊಳಗಿನ ಶಿಶುವಿಗೆ ನಿಮಿಷಕ್ಕೆ 60, ಎರಡು ತಿಂಗಳಿನಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನ್ಯುಮೋನಿಯಾ ಶಂಕಿಸಬೇಕು. ಆಕೆ ಹೇಳಿದ್ದು ಸರಿ. ಅಳುವಾಗ, ಹಾಲು ಕುಡಿಯುವಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ ಅಥವಾ ಮಗು ಹಾಲು ಕುಡಿಯದಿದ್ದರೆ ಎಣಿಕೆಗೆ ಕೂರದೆ ಹೊರಡಬೇಕು.

ಪ್ರಶ್ನೆ: ಬೆರಳಿಗೆ ಹಾಕುವ ಆಕ್ಸಿಮೀಟರ್ ತಪ್ಪು ತೋರಿಸುವುದುಂಟೇ?
– ಓದುಗರು, ಮಡಿಕೇರಿ

ಉತ್ತರ: ಉಂಟು. ಉಗುರುಬಣ್ಣ, ತಣ್ಣಗಾದ ಬೆರಳು, ಅಲುಗಾಡುವ ಕೈ ಇವುಗಳಿಂದ ಅಂಕಿ ವ್ಯತ್ಯಾಸವಾಗುತ್ತದೆ. ಚರ್ಮದ ಬಣ್ಣ ಗಾಢವಾಗಿದ್ದರೆ ನಿಜಕ್ಕಿಂತ ತುಸು ಹೆಚ್ಚು ತೋರಿಸುವುದೂ ಇದೆ. ನಿಮ್ಮ ಊರಿನ ಚಳಿಗೆ ಸಂಬಂಧಿಸಿದ ಇನ್ನೊಂದು ಸಂಗತಿ ಇವೆಲ್ಲಕ್ಕಿಂತ ಗಂಭೀರ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ರಕ್ತಕ್ಕೆ ಸೇರಿದರೆ, ಈ ಯಂತ್ರಕ್ಕೆ ಅದಕ್ಕೂ ಆಮ್ಲಜನಕಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ತಲೆನೋವು, ವಾಕರಿಕೆಯಿಂದ ಮಂಪರಿಗೆ ಜಾರುತ್ತಿರುವವರ ಬೆರಳಿನಲ್ಲೂ ಅದು 98 ತೋರಿಸಬಹುದು. ಅಂಥವರನ್ನು ಮೊದಲು ಹೊರಗಿನ ಗಾಳಿಗೆ ತಂದು, 108ಕ್ಕೆ ಕರೆ ಮಾಡಿ, ಇದ್ದಿಲು ಉರಿಸಿದ್ದೆವು ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ.