ಗೋಣಿಚೀಲದಲ್ಲಿ ಬಂದ ನಾಯಿ

ಪತ್ರ: ಪ್ರವಾಹ ಬಂದಾಗ ಜನರ ನಾಯಿ, ಬೆಕ್ಕಿಗೂ ಕಾಳಜಿ ಕೇಂದ್ರದಲ್ಲಿ ಜಾಗ ಬೇಕು ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಮನುಷ್ಯರಿಗೇ ಸೂರಿಲ್ಲ. ಇದು ಹೊಟ್ಟೆ ತುಂಬಿದವರ ಮಾತಲ್ಲವೇ? ನಮ್ಮ ಹಿತ್ತಲಿಗೆ ಬರುವ ಬೀದಿನಾಯಿಗಳನ್ನು ಓಡಿಸಿಯೇ ನನಗೆ ಸಾಕಾಗಿದೆ.
– ಓದುಗರೊಬ್ಬರು, ಹರಿಹರ

ಸಂಪಾದಕರ ಉತ್ತರ: ನಿಮ್ಮ ಅಕ್ಷರ ಬಲು ದುಂಡಗಿದೆ. ಕೈಯಲ್ಲಿ ಬರೆದು ಅಂಚೆಗೆ ಹಾಕುವವರು ಈಗ ಎಷ್ಟು ಜನ? ಅದಕ್ಕೇ ನಿಮ್ಮ ಮೇಲೆ ಜಾಸ್ತಿ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ.

ಕಾಳಜಿ ಕೇಂದ್ರ ಅಂದರೆ ಸಾಮಾನ್ಯವಾಗಿ ಸರ್ಕಾರಿ ಶಾಲೆಯ ಕೋಣೆಗಳು. ಅಲ್ಲಿ ನಾಯಿ ಬೊಗಳಿದರೆ ಮಲಗಿದ ಕೂಸು ಬೆಚ್ಚುತ್ತದೆ. ಕಚ್ಚುವ ಭಯವೂ ಸುಳ್ಳಲ್ಲ. ಇಷ್ಟು ಒಪ್ಪಿದೆ.

ಆದರೆ ಹೊಟ್ಟೆ ತುಂಬಿದವರು ನಾಯಿಯನ್ನು ಕಾರಲ್ಲಿ ಕೂರಿಸಿಕೊಂಡು ನೆಂಟರ ಮನೆಗೆ ಹೋಗುತ್ತಾರೆ ಸ್ವಾಮಿ. ಶಾಲೆಯ ಕೋಣೆಗೆ ಬರುವವರು ಬೇರೆ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಬಾಗಲಕೋಟೆ ಕಡೆ ಹೋಗಿದ್ದೆ. ಒಬ್ಬ ಅಜ್ಜ ದೋಣಿ ಹತ್ತಲು ಒಲ್ಲೆ ಎಂದು ಕಟ್ಟೆಯ ಮೇಲೆ ಕೂತುಬಿಟ್ಟಿದ್ದರು. ಎಮ್ಮೆಯ ಹಗ್ಗ ಆಗಲೇ ಬಿಚ್ಚಿದ್ದರು. ತಕರಾರು ನಾಯಿಯದು. ‘ಎಮ್ಮಿ ಈಸತೈತ್ರಿ. ಇದು ಕುಂಟ. ನಾ ಹ್ವಾದ್ರ ಇದರ ಗತಿ ಏನು?’ ದೋಣಿಯವರು ಬೈದರು, ಕೈ ಮುಗಿದರು, ಮತ್ತೆ ಬೈದರು. ಕೊನೆಗೆ ಯಾರೋ ಗೋಣಿಚೀಲ ತಂದರು. ತಲೆ ಮಾತ್ರ ಹೊರಗೆ ಬಿಟ್ಟು ನಾಯಿಯನ್ನು ಅದರೊಳಗೆ ಇಳಿಸಿದರು. ಅಜ್ಜ ಚೀಲ ತಬ್ಬಿಕೊಂಡು ಬಂದರು. ಚೀಲ ಸಿಗದಿದ್ದರೆ ಅವರೂ ಬರುತ್ತಿರಲಿಲ್ಲ, ಅಲ್ವಾ?

ಅದರ ಹಿಂದಿನ ವರ್ಷ, 2018ರಲ್ಲಿ, ಕೇರಳದ ಪ್ರವಾಹದಲ್ಲೂ ಹೀಗೇ. ತ್ರಿಶ್ಶೂರಿನಲ್ಲಿ ಒಬ್ಬ ಮಹಿಳೆ ತಮ್ಮ 25 ನಾಯಿಗಳನ್ನು ಬಿಟ್ಟು ಬರಲ್ಲ ಎಂದರು. 2005ರಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಎಷ್ಟೋ ಜನ ಪ್ರಾಣಿಗಳನ್ನು ಬಿಡಲಾರದೆ ಮನೆಯಲ್ಲೇ ಉಳಿದರು. ಮರುವರ್ಷವೇ ಅಲ್ಲಿ ಕಾನೂನು ಬಂತು: ಜನರನ್ನು ಸಾಗಿಸುವ ಯೋಜನೆಯಲ್ಲಿ ಸಾಕುಪ್ರಾಣಿಗಳ ಲೆಕ್ಕವೂ ಇರಬೇಕು. ನಾವು ಬುದ್ಧಿ ಕಲಿಯಲು ಎಷ್ಟು ನೆರೆ ಬೇಕೋ!

ನೀರು ಬಂದಾಗ ಮಾತ್ರವಲ್ಲ. ಹೊಡೆಯುವ ಗಂಡನಿಂದ ತಪ್ಪಿಸಿಕೊಳ್ಳಬೇಕಾದ ಹೆಂಗಸು ನಾಯಿಗಾಗಿ ಹೊಸ್ತಿಲಲ್ಲೇ ನಿಲ್ಲುತ್ತಾಳೆ. ಬಿಟ್ಟು ಹೋದರೆ ಅವನ ಸಿಟ್ಟು ಆ ಮೂಕಪ್ರಾಣಿಯ ಮೇಲೆ ತಿರುಗುತ್ತದೆಂದು ಅವಳಿಗೆ ಗೊತ್ತು. ಬ್ರಿಟನ್ನಿನ ಡಾಗ್ಸ್ ಟ್ರಸ್ಟ್ 2004ರಿಂದ ಇಂಥವರ ನಾಯಿಗಳನ್ನು ಬೇರೆ ಮನೆಗಳಲ್ಲಿ ಇಟ್ಟು ಸಾಕಿಸಿ, ಅವರಿಗೆ ನೆಲೆ ಸಿಕ್ಕ ಮೇಲೆ ವಾಪಸ್ ಕೊಡುತ್ತದೆ.

ಇನ್ನು ನಮ್ಮ ಬೆಂಗಳೂರು. ನಿವಾಸಿಗಳ ಸಂಘ ಬಹುಮತ ಇದ್ದರೂ ಸಾಕುಪ್ರಾಣಿ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಅದು ಸಂಘಕ್ಕಾಯಿತು. ಬಾಡಿಗೆ ಮನೆಯ ಓನರ್ ಬಾಯಿಗೆ ಬೀಗ ಹಾಕುವವರು ಯಾರು? ಟು-ಲೆಟ್ ಬೋರ್ಡ್ ನೋಡಿ ಹೋದರೆ ಮೊದಲು ಜಾತಿ, ಆಮೇಲೆ ಮೊಟ್ಟೆ, ಆಮೇಲೆ ನಾಯಿ. ನಾನು ಒಂದು ಮನೆಗೆ ಬೆಕ್ಕನ್ನು ತರಕಾರಿ ಬುಟ್ಟಿಯಲ್ಲಿ ಕದ್ದು ಒಯ್ದಿದ್ದೆ. ಮೂರನೇ ದಿನ ಅದು ಓನರ್ ಮನೆಯ ಹಾಲನ್ನೇ ಕುಡಿದು ಬಂತು. ಅಡ್ವಾನ್ಸ್ ಪೂರ್ತಿ ವಾಪಸ್ ಬರಲಿಲ್ಲ, ಬಿಡಿ.

ನಿಮಗೆ ಹಿತ್ತಲಿದೆ ಎಂದು ನೀವೇ ಬರೆದಿದ್ದೀರಿ. ತುಂಗಭದ್ರೆ ನಿಮ್ಮೂರಿಗೂ ನುಗ್ಗುವ ಹೊಳೆ. ಮುಂದಿನ ಸಲ ನೀರು ಬಂದಾಗ, ಯಾರದಾದರೂ ಒಂದು ನಾಯಿಯನ್ನು ಹದಿನೈದು ದಿನ ಅಲ್ಲಿ ಕಟ್ಟಿಕೊಳ್ಳುತ್ತೀರಾ? ಅನ್ನದ ಖರ್ಚು ನನ್ನದು. ಕೈಬರಹದಲ್ಲೇ ಉತ್ತರ ಬರೆಯಿರಿ.