ಲಿಮಿಟರ್ ಏರಿಸಿದಷ್ಟೂ ಹಾಡು ಸಪ್ಪೆಯಾಗುವುದೇಕೆ?

ಪ್ರಶ್ನೆ: ಮನೆಯಲ್ಲೇ ಒಂದು ಭಾವಗೀತೆ ರೆಕಾರ್ಡ್ ಮಾಡಿದ್ದೇನೆ. ಹಾಡುಗಾರಿಕೆ, ತಬಲಾ, ಕೊಳಲು, ಕೀಬೋರ್ಡ್ ಇಷ್ಟೇ. ಸೌಂಡ್ ಜೋರಾಗಿರಲಿ ಅಂತ ಕೊನೆಗೆ ಲಿಮಿಟರ್ (ಸದ್ದು ಒಂದು ಮಿತಿ ದಾಟದಂತೆ ತಡೆಯುವ ಸಾಧನ) ಹಾಕಿ ಚೆನ್ನಾಗಿ ಏರಿಸಿದೆ. ಕಂಪ್ಯೂಟರಿನಲ್ಲಿ ಭರ್ಜರಿಯಾಗಿತ್ತು. ಯೂಟ್ಯೂಬಿಗೆ ಹಾಕಿದ ಮೇಲೆ ಬೇರೆ ಹಾಡುಗಳ ಮುಂದೆ ಸಪ್ಪೆ ಅನ್ನಿಸುತ್ತಿದೆ. ತಬಲಾ ಪೆಟ್ಟೇ ಕೇಳಿಸುತ್ತಿಲ್ಲ. ಇನ್ನೂ ಏರಿಸಬೇಕಾ?
– ಓದುಗರೊಬ್ಬರು, ಹಾಸನ

ಉತ್ತರ: ಬೇಡ, ಇಳಿಸಿ.

ಯೂಟ್ಯೂಬ್, ಸ್ಪಾಟಿಫೈ ಎರಡೂ ಹಾಡಿನ ಒಟ್ಟಾರೆ ಜೋರನ್ನು ಅಳೆಯುತ್ತವೆ. ಜಾಸ್ತಿ ಇದ್ದರೆ ತಾವೇ ತಗ್ಗಿಸಿ ನುಡಿಸುತ್ತವೆ. ಈ ಅಳತೆಗೆ ಎಲ್‌ಯುಎಫ್‌ಎಸ್ ಅಂತ ಹೆಸರು, ಬಾಯಿಮಾತಿನಲ್ಲಿ ಲಫ್ಸ್. ಇಬ್ಬರ ಗುರಿಯೂ ಹೆಚ್ಚುಕಡಿಮೆ ಮೈನಸ್ 14 (ಸೊನ್ನೆಗೆ ಹತ್ತಿರವಾದಷ್ಟೂ ಜೋರು). ನಿಮ್ಮ ಹಾಡು ಮೈನಸ್ 8ರಲ್ಲಿದ್ದರೆ 6 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಕೆಳಗಿಳಿಯುತ್ತದೆ. ನಂಬಿಕೆ ಬರದಿದ್ದರೆ ಕಂಪ್ಯೂಟರಿನಲ್ಲಿ ನಿಮ್ಮ ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ, ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ತೆರೆಯಿರಿ. ‘ಕಂಟೆಂಟ್ ಲೌಡ್‌ನೆಸ್’ ಎದುರು 6 ಡಿಬಿ ಅಂತಿದ್ದರೆ, ಪಕ್ಕದಲ್ಲೇ ವಾಲ್ಯೂಮ್ ಸುಮಾರು 50 ಪರ್ಸೆಂಟಿಗೆ ಇಳಿದಿರುವುದೂ ಕಾಣುತ್ತದೆ.

ಜೋರು ಹೋಯಿತು, ಸರಿ. ಪೆಟ್ಟು ಎಲ್ಲಿ ಹೋಯಿತು? ತಬಲಾದ ‘ನಾ’ ಬೋಲಿನ ಮೊನೆ, ಅಂದರೆ ಬೆರಳು ಬಿದ್ದ ಕ್ಷಣದ ಚೂಪು ಸದ್ದು, ಇರುವುದು ಕೆಲವೇ ಮಿಲಿಸೆಕೆಂಡು. ಆಯಾ ಕ್ಷಣದ ಗರಿಷ್ಠ ಮಟ್ಟ ತೋರಿಸುವ ಪೀಕ್ ಮೀಟರ್ ಅದಕ್ಕೆ ಮೇಲಕ್ಕೆ ಹಾರುತ್ತದೆ, ಲಫ್ಸ್ ಮೀಟರ್ ಅಷ್ಟಾಗಿ ಅಲುಗುವುದಿಲ್ಲ. ಲಿಮಿಟರ್ ಕತ್ತರಿಸಿದ್ದು ಆ ಮೊನೆಯನ್ನೇ. ಆಮೇಲೆ ಯೂಟ್ಯೂಬ್ ಇಡೀ ಹಾಡನ್ನು ತಗ್ಗಿಸಿದಾಗ ನಿಮಗೆ ಜೋರೂ ಇಲ್ಲ, ಪೆಟ್ಟೂ ಇಲ್ಲ. ಮೊನೆ ಉಳಿಸಿಕೊಂಡ ಇನ್ನೊಬ್ಬರ ಹಾಡು ಅದೇ ಮೈನಸ್ 14ರಲ್ಲಿ ಎದ್ದು ಕೇಳುತ್ತದೆ.

ನಿಮ್ಮ ಹಾಡಿನಲ್ಲಿ ನಿಜವಾದ ಕೆಲಸ ಇರುವುದು ದನಿಯ ಮೇಲೆ. ಪಲ್ಲವಿ ಮೆಲ್ಲಗೆ ಶುರುವಾಗುತ್ತದೆ, ಚರಣದಲ್ಲಿ ತಾರಸ್ಥಾಯಿಗೆ ಹೋದಾಗ ಮೀಟರ್ ಒಂದೇ ಸಲ ಜಿಗಿಯುತ್ತದೆ. ಇದನ್ನೆಲ್ಲ ಕಂಪ್ರೆಸರ್ (ಜೋರು ಸದ್ದನ್ನು ತಾನಾಗಿ ತಗ್ಗಿಸುವ ಸಾಧನ) ತಲೆಗೆ ಕಟ್ಟಬೇಡಿ. ಮೊದಲು ಸಾಲುಸಾಲಾಗಿ ಕೈಯಲ್ಲೇ ವಾಲ್ಯೂಮ್ ಹೊಂದಿಸಿ. ನುಂಗಿಹೋದ ಸಾಲಿನ ಕೊನೆಯ ಅಕ್ಷರವನ್ನು 2 ಡಿಬಿ ಎತ್ತಿ, ಕಿರುಚಿದಂತಿರುವ ಕಡೆ 3 ಡಿಬಿ ಇಳಿಸಿ. ಬೇಜಾರಿನ ಕೆಲಸ, ಹೌದು. ಆದರೆ ಭಾವ ಉಳಿಯುವುದು ಇದರಲ್ಲೇ. ಇದಾದ ಮೇಲೆ 3:1 ರೇಶಿಯೋದ ಕಂಪ್ರೆಸರ್ ಸಾಕು. ಅಂದರೆ ಥ್ರೆಶೋಲ್ಡ್ (ಕಂಪ್ರೆಸರ್ ಕೆಲಸ ಶುರುಮಾಡುವ ಮಟ್ಟ) ದಾಟಿ 6 ಡಿಬಿ ಹೋದದ್ದು 2ಕ್ಕೆ ನಿಲ್ಲುತ್ತದೆ.

ತಬಲಾಗೆ ಕಂಪ್ರೆಸರ್ ಹಾಕುವುದಾದರೆ ಅಟ್ಯಾಕ್ (ಸದ್ದು ತಗ್ಗಿಸಲು ಅದು ತೆಗೆದುಕೊಳ್ಳುವ ಸಮಯ) 20–30 ಮಿಲಿಸೆಕೆಂಡ್ ಇಡಿ, ಮೊನೆ ದಾಟಿಹೋಗುತ್ತದೆ. 1 ಮಿಲಿಸೆಕೆಂಡ್ ಇಟ್ಟರೆ ಅಲ್ಲೇ ಮೊಂಡಾಗುತ್ತದೆ.

ಇನ್ನೊಂದು ಮಾತು. ಸ್ವಲ್ಪ ಜೋರಾಗಿದ್ದರೆ ಸಾಕು, ಕಿವಿ ‘ಇದೇ ಚೆನ್ನಾಗಿದೆ’ ಅನ್ನುತ್ತದೆ. ಕಂಪ್ರೆಸರ್ ಆನ್-ಆಫ್ ಮಾಡಿ ಹೋಲಿಸುವಾಗ ಎರಡರ ವಾಲ್ಯೂಮನ್ನೂ ಸಮ ಮಾಡಿಕೊಳ್ಳಿ. ಇಲ್ಲದಿದ್ದರೆ ಪ್ರತಿ ಸಲ ಕಂಪ್ರೆಸರೇ ಗೆಲ್ಲುತ್ತದೆ, ಅಲ್ವಾ? ಬೇರೆಯವರ ಹಾಡಿನ ಜೊತೆ ಹೋಲಿಸುವಾಗಲೂ ಅಷ್ಟೇ.

ಮೈನಸ್ 14 ಅನ್ನುವುದು ಶಾಸನವೇನಲ್ಲ. ಭಾವಗೀತೆಗೆ ಮೈನಸ್ 14ರಿಂದ 12ರ ಒಳಗೆ ಎಲ್ಲಿದ್ದರೂ ನನಗೆ ಒಪ್ಪಿಗೆ. ಟ್ರೂ ಪೀಕ್ (ಹಾಡಿನ ನಿಜವಾದ ಗರಿಷ್ಠ ಮಟ್ಟ) ಮೈನಸ್ 1 ಡಿಬಿ ದಾಟದಿರಲಿ. ತೀರಾ ಕೆಳಗೂ ಇಡಬೇಡಿ, ಜೋರಿನ ಹಾಡನ್ನು ತಗ್ಗಿಸುವ ಯೂಟ್ಯೂಬ್ ಮೆಲ್ಲಗಿನದನ್ನು ಹಾಗೆ ಎತ್ತುವುದಿಲ್ಲ. ಲಿಮಿಟರ್ 2–3 ಡಿಬಿಗಿಂತ ಜಾಸ್ತಿ ಒತ್ತುತ್ತಿದ್ದರೆ ಮಿಕ್ಸಿಂಗಿಗೆ ವಾಪಸ್ ಹೋಗಿ, ಅದಕ್ಕೆ ಕಾರಣ ಯಾವುದು ಅಂತ ಟ್ರ್ಯಾಕುಗಳನ್ನು ಒಂದೊಂದಾಗಿ ಮ್ಯೂಟ್ ಮಾಡಿ ನೋಡಿ. ನಿಮ್ಮ ಹಾಡಿನಲ್ಲಿ ನನ್ನ ಅನುಮಾನ ಡಗ್ಗಾದ (ತಬಲಾ ಜೋಡಿಯ ದೊಡ್ಡ ವಾದ್ಯ) ಮೇಲೆ. ಅದರ ಕೆಳದನಿಯನ್ನು ಲಫ್ಸ್ ಮೀಟರ್ ಕಡಿಮೆ ಲೆಕ್ಕಕ್ಕೆ ಹಿಡಿಯುತ್ತದೆ, ಲಿಮಿಟರ್ ಮಾತ್ರ ಪೂರ್ತಿ ಹಿಡಿಯುತ್ತದೆ.